ಎರಡು ಗಂಟೆಯ ನಂತರದ ಉಸಿರು

ಉಸಿರು ಕೊಟ್ಟವನೇ, ಕೊಟ್ಟ ಉಸಿರನ್ನ ಎಚ್ಚರವಾಗಿ ಕೂತು ಕಾಯೋನೇ, ನಿನಗೆ ಶರಣು. ನಾಲಿಗೆ ತಪ್ಪಿದರೆ ತಿದ್ದು. ಮನಸ್ಸು ತಪ್ಪಿದರೆ... ಅದನ್ನೂ ನೀನೇ ತಿದ್ದಬೇಕು.

ಹ್ಞಾಂ, ಆಯ್ತು ಮಗಳೇ, ಈಗ ಕೇಳು. ಅವನನ್ನ ಒಂದು ಸಲ ನೆನೆಯದೆ ನನಗೆ ಮಾತೇ ಹೊರಡಲ್ಲ. ಯಾಕೆ ನಗ್ತೀಯ? ನಿಮ್ಮ ಕಂಪನಿಯ ಉಸಿರಿನ ಮೆಷಿನ್ನಿನ ಕಾರ್ಡು ಕೊಡೋದಕ್ಕೂ ಪ್ರಾರ್ಥನೆ ಬೇಕಾ ಅಂತಲಾ? ನಗಮ್ಮ, ನಗು. ಮೂರು ದಿನದಿಂದ ಈ ಮನೇಲಿ ಯಾರೂ ನಕ್ಕಿಲ್ಲ.

ನೀನು ಕೇಳಿದ್ದೇನು... ಹ್ಞಾಂ, ನನ್ನ ಗಂಡ ರಾತ್ರಿಯಿಡೀ ಮಾಸ್ಕ್ ಹಾಕ್ಕೊಂಡಿರ್ತಾರಾ ಅಂತ. ಹಾಕ್ಕೊಂಡಿರ್ತಾರಮ್ಮ! ಹತ್ತು ಗಂಟೆಗೆ ನಾನೇ ಕೈಯಾರೆ ಮಾಸ್ಕ್ ಕಟ್ತೀನಿ, ಬೆಳಗ್ಗೆ ಐದೂವರೆಗೆ ನಾನೇ ಬಿಚ್ತೀನಿ. ಹನ್ನೊಂದು ತಿಂಗಳಲ್ಲಿ ಒಂದು ದಿನ ತಪ್ಪಿಲ್ಲ. ನಿನ್ನ ಕಂಪ್ಯೂಟರೇ ಹೇಳುತ್ತಲ್ಲ, ನೋಡ್ಕೋ. ಏಳೂವರೆ ಗಂಟೆ, ಏಳೂವರೆ, ಏಳು ಇಪ್ಪತ್ತು, ಏಳೂವರೆ... ನಿಮ್ಮ ಡಾಕ್ಟರೇ ಹೋದ ಸಲ ಹೊಗಳಿದ್ರು, ಇಷ್ಟು ನಿಯತ್ತಾಗಿ ಹಾಕ್ಕೊಳ್ಳೋ ರೋಗೀನ ನಾನು ಕಂಡೇ ಇಲ್ಲ ಅಂತ. ಇವರು ತಲೆ ತಗ್ಗಿಸಿಕೊಂಡು ಕೂತಿದ್ರು, ಶಾಲೇಲಿ ಬಹುಮಾನ ಬಂದ ಮಕ್ಕಳ ಹಾಗೆ.

ಅಲ್ಲೇ ಮಂಚದ ಮೇಲೆ ಕೂತ್ಕೋ, ಪರವಾಗಿಲ್ಲ. ಆ ಕಡೆ ಇವರ ಜಾಗ. ಈ ಕಡೆ ನಂದು. ಮಧ್ಯೆ ಸ್ಟೂಲಿನ ಮೇಲೆ ನಿಮ್ಮ ಮೆಷಿನ್... ಅಲ್ಲ, ಸ್ಟೂಲು ಮಂಚದ ತಲೆ ಕಡೆ ಇದೆ, ಆದ್ರೂ ನನಗೆ ಅದು ಯಾವಾಗಲೂ ನಮ್ಮಿಬ್ಬರ ಮಧ್ಯೆ ಇದ್ದ ಹಾಗೇ ಅನ್ನಿಸ್ತಿತ್ತು.

ಮೆಷಿನ್ನೇ ಸರಿಯಿಲ್ಲ ಮಗಳೇ. ಬೇಜಾರು ಮಾಡ್ಕೋಬೇಡ, ನಿನ್ನ ಅನ್ನದ ಕೆಲಸ ಅದು, ಗೊತ್ತು. ಆದ್ರೆ ನೋಡು, ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತೆ, ಈ ಮೆಷಿನ್ ಗಾಳಿ ತಳ್ಳಿ ಗಂಟಲು ತೆರೆದಿಡುತ್ತೆ, ಆಮೇಲೆ ಸುಸ್ತು ಇರಲ್ಲ, ಅಂತ ತಾನೇ ಹೇಳಿ ಕೊಟ್ಟಿದ್ದು? ಸುಸ್ತು ಎಲ್ಲಿ ಹೋಯ್ತು? ಮೊದಲ ದಿನದಿಂದ ಇವತ್ತಿನವರೆಗೆ ಹೋಗಲೇ ಇಲ್ಲ! ಗಾಳಿ ಜೋರು ಮಾಡಿದ್ರು, ಎರಡು ಸಲ. ಮಾಸ್ಕ್ ಬದಲಾಯಿಸಿದ್ರು, ಮೂರು ಸಲ. ರಕ್ತ ತೆಗೆದ್ರು. ಥೈರಾಯ್ಡ್ ಇರಬಹುದು ಅಂದ್ರು, ಇರಲಿಲ್ಲ. ಮನಸ್ಸಿಗೇನಾದ್ರೂ ಕೊರಗಾ ಅಂದ್ರು... ಅದಕ್ಕೆ ಇವರು, 'ಕೊರಗೋಕೆ ಎಚ್ಚರ ಬೇಕಲ್ಲ ಡಾಕ್ಟ್ರೇ' ಅಂದ್ರು! ಡಾಕ್ಟರಿಗೂ ನಗು ಬಂತು.

ಇವರು ಏನು ಕೆಲಸ ಮಾಡ್ತಾರೆ ಗೊತ್ತಾ? ಪುಸ್ತಕ ಕಟ್ತಾರೆ. ಬೈಂಡರು. ಪ್ರೆಸ್ಸಿನ ಹಿಂಭಾಗದ ಉದ್ದ ಕೋಣೇಲಿ ನಲವತ್ತೊಂದು ವರ್ಷ. ಮಡಚೋದು, ಜೋಡಿಸೋದು, ಹೊಲಿಯೋದು, ಅಂಟು ಬಳಿಯೋದು, ರಟ್ಟು ಕೂರಿಸೋದು. ಇವರ ಹೊಲಿಗೆ ಹಾಳೆ ಹರಿದು ಹೋದರೂ ಬಿಚ್ಚಲ್ಲ ಅಂತಾರೆ. ಆ ಕೈ, ಹೋದ ಚಳಿಗಾಲದಲ್ಲಿ ಒಂದು ಲೈಬ್ರರಿಯ ದಪ್ಪ ನಿಘಂಟಿಗೆ ರಟ್ಟನ್ನ ತಲೆಕೆಳಗಾಗಿ ಕೂರಿಸಿತು! ಮುಚ್ಚಿದ್ರೆ ಸರಿ, ತೆರೆದ್ರೆ ಅಕ್ಷರವೆಲ್ಲ ಶೀರ್ಷಾಸನ. ಪ್ರೆಸ್ಸಿನ ಹುಡುಗರು ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಇವರೂ ನಕ್ಕರಂತೆ. ಮನೆಗೆ ಬಂದು ನನಗೂ ನಗುನಗ್ತಾನೇ ಹೇಳಿದ್ರು. ಆಮೇಲೆ ಚಪ್ಪಲಿ ಬಿಡೋಕೆ ಬಗ್ಗಿದವರು ಹಾಗೇ ಬಾಗಿಲಿಗೆ ಒರಗಿ ನಿದ್ದೆ ಹೋದ್ರು. ಒಂದು ಕಾಲಲ್ಲಿ ಚಪ್ಪಲಿ. ನಿಂತೇ!

ಆಮೇಲೆ ಇವರನ್ನ ಕಟಿಂಗ್ ಮೆಷಿನ್ ಹತ್ತಿರ ಬಿಡೋದು ನಿಲ್ಲಿಸಿದ್ರು ಪ್ರೆಸ್ಸಿನ ಯಜಮಾನರು. ಸಾವಿರ ಹಾಳೇನ ಬೆಣ್ಣೆ ಹಾಗೆ ಕತ್ತರಿಸೋ ಅಲಗು ಅದು. 'ಅಣ್ಣಾ, ನಿಮ್ಮ ಬೆರಳು ಎಣಿಸ್ತಾ ಕೂರೋಕೆ ನನ್ನ ಕೈಲಿ ಆಗಲ್ಲ' ಅಂದ್ರಂತೆ. ಕೂತು ಹಾಳೆ ಮಡಚಿ ಅಂದ್ರು. ಹೊಸದಾಗಿ ಸೇರಿದವರಿಗೆ ಕೊಡೋ ಕೆಲಸ! ಅದನ್ನೂ ಮಾಡಿದ್ರು. ಹಣೆ ಹಾಳೆಗೆ ತಾಗಿ ತಾಗಿ ಮಸಿ ಹತ್ತಿರೋದು. ಸಂಜೆ ಒದ್ದೆ ಬಟ್ಟೇಲಿ ನಾನು ಒರೆಸ್ತಿದ್ದೆ.

ಏನು? ...ಹ್ಞಾಂ, ಗೊರಕೆ ಮೊದಲಿಂದಲೂ ಇತ್ತು. ಅಯ್ಯೋ, ಅದನ್ನ ಕೇಳಬೇಡ! ಮದುವೆಯಾದ ಮೊದಲ ವಾರದಲ್ಲೇ ನನ್ನ ನಾದಿನಿ ಕಿವಿ ಹತ್ತಿರ ಬಂದು, 'ಅತ್ತಿಗೆ, ಹತ್ತಿ ಬೇಕಾ?' ಅಂದಿದ್ಲು. ನಾನು ಏನೋ ಗಾಯಕ್ಕೆ ಅಂದ್ಕೊಂಡೆ! ಪ್ರೆಸ್ಸಲ್ಲಿ ಇವರ ಹೆಸರು ಗರಗಸದಣ್ಣ. ಮಹಡಿ ಮೇಲಿನವರು ಒಂದು ದಿನ ಇಳಿದು ಬಂದು, ಬಲು ಮರ್ಯಾದೆಯಿಂದ ಕೇಳಿದ್ರು, 'ರಾತ್ರಿ ಹೊತ್ತು ಏನಾದ್ರೂ ಗಿರಣಿ ನಡೆಸ್ತೀರಾ?' ಅಂತ... ನೀನು ನಗ್ತಿಲ್ಲ. ಮೊದಲು ನಕ್ಕಿದ್ದೆಯಲ್ಲ.

ಏನು ನೋಡ್ತಿದ್ದೀಯ ಅಷ್ಟೊತ್ತಿಂದ? ಅದಾ? ಅದು ಬೆರಳಿನ ಕ್ಲಿಪ್ಪಿನ ಕಾಗದ. ನೀನೇ ಕೊಟ್ಟು ಹೋಗಿದ್ದೆಯಲ್ಲ ಹದಿನೈದು ದಿನದ ಹಿಂದೆ, ಒಂದು ರಾತ್ರಿ ಬೆರಳಿಗೆ ಸಿಕ್ಕಿಸಿಕೊಂಡು ಮಲಗಲಿ ಅಂತ. ಅದರಲ್ಲೇ ಬಂದಿದ್ದು, ಆಕ್ಸಿಜನ್ ಎಪ್ಪತ್ತೆರಡಕ್ಕೆ ಇಳಿದಿದೆ ಅಂತ. ತೊಂಬತ್ತರ ಮೇಲೆ ಇರಬೇಕಂತೆ. ಮೆಷಿನ್ ಎಲ್ಲ ಸರಿ ಅನ್ನುತ್ತೆ, ಬೆರಳು ಎಲ್ಲ ತಪ್ಪು ಅನ್ನುತ್ತೆ. ಯಾರನ್ನ ನಂಬೋದು, ನೀನೇ ಹೇಳು. ಅದಕ್ಕೇ ಹೇಳಿದ್ದು ಮೆಷಿನ್ ಸರಿಯಿಲ್ಲ ಅಂತ.

ಅಷ್ಟರಲ್ಲೇ ಇದಾಯ್ತು. ಸೋಮವಾರ ಸಂಜೆ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಕೂತುಬಿಟ್ರು. ಕಾಲು ಎರಡೂ ಊದಿ ಕಂಬ. ತುಟಿ... ಮಸಿ ಕುಡಿದವರ ಹಾಗೆ. 'ಸ್ವಲ್ಪ ಕೂತು ಬರ್ತೀನಿ, ನೀನು ನಡಿ' ಅಂದ್ರು. ನಾನೆಲ್ಲಿಗೆ ನಡೀಲಿ ಮಗಳೇ?

ಈಗ ವಾರ್ಡಿನಲ್ಲಿ ಮೂಗಿಗೆ ನಳಿಕೆ ಹಾಕಿದ್ದಾರೆ. ಹೃದಯದ ಬಲಗಡೆ ಊದಿದೆಯಂತೆ. ಇಷ್ಟು ಚೆನ್ನಾಗಿ ಮೆಷಿನ್ ಹಾಕ್ಕೊಂಡೂ ಹೀಗಾಗಿದೆ ಅಂದ್ರೆ ಶ್ವಾಸಕೋಶದ ರಕ್ತನಾಳದಲ್ಲೇ ಬೇರೇನೋ ದೊಡ್ಡ ಕಾಯಿಲೆ ಇರಬೇಕು ಅಂತ ಡಾಕ್ಟರು. ನಾಳೆ ಬೆಳಗ್ಗೆ ತೊಡೆಯ ನಾಳದೊಳಗಿಂದ ತಂತಿ ಬಿಟ್ಟು ಹೃದಯದೊಳಗೆ ಹೋಗಿ ನೋಡ್ತಾರೆ. 'ಇವರ ಸ್ಥಿತೀಲಿ ಅಪಾಯ ಇಲ್ಲ ಅಂತ ಹೇಳಲಾರೆ, ಆದ್ರೆ ಕಾರಣ ಗೊತ್ತಾಗದೆ ಬೇರೆ ದಾರಿ ಇಲ್ಲ' ಅಂದ್ರು. ಕಾಗದ ಮುಂದಿಟ್ರು. ನಾನು ಸಹಿ ಹಾಕಿದೆ. ಪೆನ್ನು ಎರಡು ಸಲ ಕೆಳಗೆ ಬಿತ್ತು. ನರ್ಸಮ್ಮ ಎತ್ತಿ ಕೊಟ್ಲು, ಪಾಪ, 'ಧೈರ್ಯ ತಂದ್ಕೊಳ್ಳಿ' ಅಂದ್ಲು. ಅವಳಿಗೇನು ಗೊತ್ತು...

ಏನೂ ಇಲ್ಲ. ಏನೂ ಹೇಳಲಿಲ್ಲ ನಾನು.

ಯಾಕೆ ಬೆರಳಿನ ಕಾಗದಾನೂ ನಿನ್ನ ಮೆಷಿನ್ನಿನ ಕಾಗದಾನೂ ಪಕ್ಕಪಕ್ಕದಲ್ಲಿ ಇಡ್ತಿದ್ದೀಯ?

ಹ್ಞೂಂ, ಕಾಣುತ್ತೆ. ಕನ್ನಡಕ ಇದೆ. ಇದು ಬೆರಳಿಂದು. ಹನ್ನೊಂದು ಗಂಟೆ, ಹನ್ನೆರಡು, ಒಂದು... ಗೆರೆ ನೆಟ್ಟಗಿದೆ. ಚೆನ್ನಾಗಿದೆ. ಎರಡು ಗಂಟೆಗೆ... ಬಿತ್ತು. ಹ್ಞೂಂ. ಗರಗಸದ ಹಲ್ಲಿನ ಹಾಗೆ. ಐದರ ತನಕ.

ಇದು ಮೆಷಿನ್ನಿಂದು, ಅದೇ ರಾತ್ರಿದು. ನೀನು ಬೆರಳಿಟ್ಟು ತೋರಿಸೋ ಅಗತ್ಯ ಇಲ್ಲ, ಕಾಣ್ತಿದೆ. ಎರಡು ಗಂಟೆಗೆ ಒಂದು ಸಣ್ಣ ಖಾಲಿ ಜಾಗ. ಅಷ್ಟೇ. ಮೂತ್ರಕ್ಕೆ ಎದ್ದಿರಬಹುದು! ವಯಸ್ಸಾಯ್ತಲ್ಲ. ಎರಡು ನಿಮಿಷ ಬಿಚ್ಚಿ ಮತ್ತೆ ಹಾಕ್ಕೊಂಡಿದ್ದಾರೆ. ಅದರಲ್ಲೇನು?

ಹಿಂದಿನ ರಾತ್ರೀಲೂ ಎರಡಕ್ಕೇ? ಅದರ ಹಿಂದೆ? ಹೂಂ... ಮನುಷ್ಯನ ದೇಹಕ್ಕೂ ಗಡಿಯಾರ ಇರುತ್ತಮ್ಮ.

ಇದೇನು ಅಂಕಿ? ಒಂದೊಂದು ಉಸಿರಿಗೂ ಎಷ್ಟು ಗಾಳಿ ಎಳೆದ್ರು ಅಂತ ಬರ್ಕೊಳ್ಳುತ್ತಾ ಇದು? ...ಅಷ್ಟೊಂದು ಬರ್ಕೊಳ್ಳುತ್ತಾ! ನನಗೆ ಯಾರೂ ಹೇಳಿರಲಿಲ್ಲ. ಗಂಟೆ ಮಾತ್ರ ಎಣಿಸುತ್ತೆ ಅಂದ್ಕೊಂಡಿದ್ದೆ.

ಎರಡು ಗಂಟೆ ತನಕ ದೊಡ್ಡ ಉಸಿರು. ನಿಮಿಷಕ್ಕೆ ಹದಿಮೂರು. ಎರಡರ ನಂತರ... ಎಳೆಯೋ ಗಾಳಿ ಅದರ ಅರ್ಧ. ನಿಮಿಷಕ್ಕೆ ಹತ್ತೊಂಬತ್ತು.

ಸಣ್ಣ ಉಸಿರು.

ಏನಾದ್ರೂ ಮಾತಾಡು ಮಗಳೇ. ಹೀಗೆ ನನ್ನ ಮುಖ ನೋಡಬೇಡ. ಬೈಯಿ ಬೇಕಾದ್ರೆ. ಮೆಷಿನ್ ಕೆಟ್ಟಿದೆ ಅನ್ನು. ಹೆಣ್ಣಿನ ಉಸಿರು ಗಂಡಿನ ಉಸಿರು ಅಂತ ಮೆಷಿನ್ನಿಗೆ ಗೊತ್ತಾಗಲ್ಲ ಅನ್ನು... ನಾನ್ಯಾಕೆ ಹೆಣ್ಣಿನ ಉಸಿರು ಅಂದೆ? ನೀನಂತೂ ಹೇಳಲಿಲ್ಲ. ಬಂದಾಗಿಂದ ನಾನೇ ಬಡಬಡಾಂತ...

ನೀರು ಕುಡೀತೀನಿ ಇರು.

ಮೊದಲು ಒಂದು ಸುಳ್ಳು ಹೇಳಿದೆ, ಅದನ್ನ ವಾಪಸ್ ತಗೋತೀನಿ. ಮೊದಲ ದಿನದಿಂದಲೂ ಸುಸ್ತು ಹೋಗಲಿಲ್ಲ ಅಂದೆನಲ್ಲ. ಹೋಗಿತ್ತು. ಮೊದಲ ಎಂಟು ದಿನ ಹೋಗಿತ್ತು! ಒಂಬತ್ತು ವರ್ಷದ ಸುಸ್ತು, ಒದ್ದೆ ಬಟ್ಟೆ ಒಣಗಿದ ಹಾಗೆ ಹೋಗಿತ್ತು. ಐದನೇ ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಸಿಳ್ಳೆ ಹೊಡೆದ್ರು ಮಗಳೇ. ಬಾಯ್ತುಂಬ ನೊರೆ ಇಟ್ಕೊಂಡು! ಆರನೇ ದಿನ ನನ್ನನ್ನ ಕರ್ಕೊಂಡು ನಡೆದೇ ನದಿ ದಂಡೆ ತನಕ ಹೋದ್ರು, ದಾರೀಲಿ ಎಲ್ಲೂ ಕೂರಲಿಲ್ಲ. 'ನಾನು ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆನೇ?' ಅಂದ್ರು.

ನಾನು ಆ ಎಂಟು ರಾತ್ರಿ ಕಣ್ಣು ಮುಚ್ಚಲಿಲ್ಲ.

ಯಾಕೆ ಅಂದ್ರೆ ಸದ್ದಿಲ್ಲ. ಗೊರಕೆ ಇಲ್ಲ. ಮೆಷಿನ್ನೂ ಎಷ್ಟು ಮೆಲ್ಲಗೆ... ದೀಪ ಆರಿದ ಮೇಲೆ ಪಕ್ಕದಲ್ಲಿ ಒಂದು ದೇಹ ಮಲಗಿದೆ, ಅಲುಗಾಡಲ್ಲ, ಶಬ್ದ ಇಲ್ಲ. ಮೂಗಿನ ಹತ್ತಿರ ಬೆರಳು ಹಿಡಿಯೋಣ ಅಂದ್ರೆ ಮಾಸ್ಕ್. ಎದೆ ಮೇಲೆ ಕೈ ಇಟ್ಟರೆ ನನ್ನ ಕೈಯೇ ನಡುಗುತ್ತೆ, ಅದು ಅವರ ಉಸಿರೋ ನನ್ನ ನಡುಕವೋ ಗೊತ್ತಾಗಲ್ಲ. ದೇವರ ಹೆಸರು ಹೇಳ್ತಾ ಹೇಳ್ತಾ ಬೆಳಗು ಮಾಡಿದೆ. ಒಂಬತ್ತನೇ ರಾತ್ರಿ... ಒಂದೇ ಒಂದು ಸಲ ಕೇಳಿಬಿಡೋಣ ಅಂತ ಮೆಲ್ಲಗೆ ಬಿಚ್ಚಿದೆ. ಒಂದು ನಿಮಿಷಕ್ಕೆ ಗೊರಕೆ ಶುರುವಾಯ್ತು. ಅಬ್ಬಾ! ಇದ್ದಾರೆ! ನನಗೆ ಯಾವ ಮಾಯದಲ್ಲೋ ನಿದ್ದೆ ಹತ್ತಿತು.

ಮಾಸ್ಕ್ ದಿಂಬಿನ ಮೇಲೆ ಬಿಟ್ಟರೆ ಗಾಳಿ ಸೋರಿ ಮೆಷಿನ್ ದೀಪ ಮಿನುಗಿಸುತ್ತೆ. ಆಫ್ ಮಾಡಿದ್ರೆ ಗಂಟೆ ಕಡಿಮೆ ತೋರಿಸುತ್ತೆ, ಡಾಕ್ಟರು ಇವರನ್ನ ಬೈತಾರೆ. ಅದಕ್ಕೆ... ನಾನೇ ಹಾಕ್ಕೊಂಡೆ. ಹ್ಞೂಂ. ಪ್ರತಿ ರಾತ್ರಿ. ಎರಡರಿಂದ ಐದರ ತನಕ. ಎದ್ದ ಕೂಡಲೇ ಮತ್ತೆ ಅವರಿಗೆ ಕಟ್ತಿದ್ದೆ, ಐದೂವರೆಗೆ ಬಿಚ್ಚೋಕೆ. ಪೂರ್ತಿ ರಾತ್ರಿ ಅಲ್ವಲ್ಲ, ಮೂರೇ ಗಂಟೆ, ಅಷ್ಟರಲ್ಲಿ ಏನಾಗುತ್ತೆ ಅಂದ್ಕೊಂಡೆ. ಹುಟ್ಟಿದಾಗಿಂದ ಗೊರಕೆ ಹೊಡೆದ ಮನುಷ್ಯ, ಮೂರು ಗಂಟೆಯಲ್ಲಿ ಸಾಯ್ತಾರಾ ಅಂದ್ಕೊಂಡೆ. ಸುಸ್ತು ವಾಪಸ್ ಬಂತು. ಕಂಡೆ. ನಾಳೆ ನಿಲ್ಲಿಸ್ತೀನಿ ಅಂದೆ. ಹಣೆಯ ಮಸಿ ಒರೆಸ್ತಾ ದೇವರ ಮುಂದೆ ಆಣೆ ಮಾಡಿದೆ, ಇವತ್ತು ತೆಗೆಯಲ್ಲ ಅಂತ. ನಿನ್ನ ಕ್ಲಿಪ್ ಹಾಕ್ಕೊಂಡ ರಾತ್ರಿ ಕೂಡ ತಡೆದುಕೊಂಡೆ, ಎರಡು ಗಂಟೆ ತನಕ. ಆಮೇಲೆ ಕೈ ತಾನಾಗೇ ಹೋಯ್ತು.

ಹುಚ್ಚಿ ಅಂದ್ಕೊಳ್ತಿದ್ದೀಯ. ಅಲ್ವಾ? ...ಇಲ್ಲ, ತಲೆ ಅಲ್ಲಾಡಿಸಬೇಡ.

ನಮಗೊಂದು ಮಗು ಇತ್ತು.

ನಾಲ್ಕು ತಿಂಗಳು. ಗಂಡು. ರಾತ್ರಿ ಪೂರ್ತಿ ಅಳೋದು. ಅಪ್ಪನ ಗೊರಕೆ, ಮಗನ ಅಳು, ನಡುವೆ ನಾನು! ನಿದ್ದೆ ಇಲ್ಲದೆ ಗೋಡೆ ಹಿಡ್ಕೊಂಡು ನಡೀತಿದ್ದೆ. ಒಂದು ದಿನ ಬೆಳಗ್ಗೆ ಆರಾಯ್ತು, ಅಳಲಿಲ್ಲ. ಏಳಾಯ್ತು, ಅಳಲಿಲ್ಲ. ಇವರು ಕೆಲಸಕ್ಕೆ ಹೊರಟರು, ಬಾಗಿಲಲ್ಲಿ ನಿಂತು, 'ಎಬ್ಬಿಸಬೇಡ, ಮಲಗಲಿ, ನೀನೂ ಸ್ವಲ್ಪ ಮಲಗು' ಅಂದ್ರು. ನಾನು ತೊಟ್ಟಿಲ ಕಡೆ ನೋಡಿದೆ. ಎಷ್ಟು ನೆಮ್ಮದಿಯಾಗಿ ಮಲಗಿತ್ತು! ನಾನು ಕೈಮುಗಿದೆ ಮಗಳೇ. ದೇವರೇ, ಇವತ್ತಾದರೂ ಈ ಮನೇಲಿ ಸದ್ದಿಲ್ಲದ ಹಾಗೆ ಮಾಡಿದೆಯಲ್ಲ, ನಿನ್ನ ಉಪಕಾರ ಮರೆಯಲ್ಲ ಅಂತ... ಕೈಮುಗಿದು ಹೇಳಿದೆ. ಹೇಳಿ ಮಲಗಿದೆ. ಒಂಬತ್ತೂವರೆ ತನಕ ಮಲಗಿದೆ.

ಮೂವತ್ತೊಂದು ವರ್ಷ ಆಯ್ತು. ಆ ಬೆಳಗಿನ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೊಟ್ಟಿದ್ದು, ಅವನು ತಗೊಂಡ. ಆದ್ರೆ ಅವನು ತಗೊಂಡ ಹೊತ್ತಲ್ಲೇ ನಾನು ಅವನಿಗೆ ಕೃತಜ್ಞತೆ ಹೇಳ್ತಿದ್ದೆನಲ್ಲ... ಅದೊಂದು... ಅದೊಂದನ್ನ ಎಲ್ಲಿಡಬೇಕೋ ಇನ್ನೂ ಗೊತ್ತಾಗಿಲ್ಲ. ಆಮೇಲಿಂದ ಇವರ ಗೊರಕೆಯೇ ನನ್ನ ಜಪಮಾಲೆ. ಒಂದೊಂದು ಗೊರಕೆಗೂ ಒಂದೊಂದು ಮಣಿ. ಇದ್ದಾರೆ. ಇದ್ದಾರೆ. ಇದ್ದಾರೆ.

ಇವರಿಗೆ ಗೊತ್ತಿಲ್ಲಮ್ಮ ಮಾಸ್ಕಿನ ವಿಷಯ. ಅದೊಂದು ಪುಣ್ಯ. ಒಮ್ಮೆ ಮಲಗಿದ್ರೆ ಸಿಡಿಲು ಬಡಿದರೂ ಏಳಲ್ಲ. ಪಾಪ, ಏನೂ ಗೊತ್ತಿಲ್ಲ.

ಯಾಕೆ ಪಟ್ಟಿ ತಿರುಗಿಸ್ತಿದ್ದೀಯ? ಮಾಸ್ಕಿನ ಪಟ್ಟಿ ಅದು, ತಲೆ ಹಿಂದೆ ಎಳೆದು ಅಂಟಿಸೋದು. ಹ್ಞಾಂ, ಆ ಗಂಟು ನನಗೆ ಗೊತ್ತು. ಬೆರಳಿಗೆ ಸಿಗುತ್ತೆ. ಅದರ ಗುರುತಿಗೆ ಎಳೆದ್ರೆ ನನ್ನ ತಲೆಗೆ ಸರಿಯಾಗಿ ಕೂರುತ್ತೆ, ಕತ್ತಲಲ್ಲಿ ತಡಕಾಡೋ ಹಾಗಿಲ್ಲ. ಮೊದಮೊದಲು ಸಡಿಲವಾಗಿ ಕಿವಿ ಮೇಲೆ ಜಾರ್ತಿತ್ತು, ಆಮೇಲೆ ಈ ಹೊಸ ಪಟ್ಟಿ ಬಂತಲ್ಲ, ಅದರಲ್ಲಿತ್ತು. ಸಣ್ಣ ತಲೆಯವರಿಗೆ ಅಂತ ನಿಮ್ಮ ಕಂಪನಿಯವರೇ ಹಾಕಿರೋ ಗಂಟು... ಅಲ್ವಾ?

ಅಲ್ವಾ ಮಗಳೇ?

...ಕೊಡು ಇಲ್ಲಿ. ಕಿಟಕಿ ಹತ್ತಿರ ಹೋಗ್ತೀನಿ.

ಬಿಳಿ ದಾರ. ಮೇಣ ಹಚ್ಚಿದ ದಾರ. ಮೂರು ಸುತ್ತು, ಒಳಗಿಂದ ಎಳೆದು... ಕಿವಿಗೆ ಒತ್ತಬಾರದು ಅಂತ ಕೆಳಗೆ ಒಂದು ತುಂಡು ಮೆತ್ತನೆ ಬಟ್ಟೆ. ಹಾಳೆ ಹರಿದರೂ ಬಿಚ್ಚಲ್ಲ ಅಂತಾರೆ ಈ ಹೊಲಿಗೇನ...

ಎಚ್ಚರ ಇತ್ತು. ಅವರಿಗೆ ಎಚ್ಚರ ಇತ್ತು.

ಡಾಕ್ಟರು ಹೊಗಳಿದಾಗ ತಲೆ ತಗ್ಗಿಸಿದ್ದು ಅದಕ್ಕೆ. ಅಯ್ಯೋ... ನಾನು ಬಿಚ್ಚೋದನ್ನ ನೋಡ್ತಾ ಕಣ್ಮುಚ್ಚಿ ಮಲಗಿರ್ತಿದ್ರು. ನನಗೆ ಸದ್ದು ಕೇಳಲಿ ಅಂತ. 'ಎಬ್ಬಿಸಬೇಡ' ಅಂದಿದ್ದು ತಾವು ಅಂತ... ಮೂವತ್ತೊಂದು ವರ್ಷದಿಂದ ಅವರೂ ಅದನ್ನ ಎಲ್ಲಿಡಬೇಕೋ ತಿಳೀದೆ... ಬೆಳಗ್ಗೆ ಎದ್ದು, ಕಣ್ಣು ಕೆಂಪು ಮಾಡ್ಕೊಂಡು, 'ನಿನಗೆ ನಿದ್ದೆ ಬಂತಾ?' ಅಂತ ಕೇಳೋರು. ದಿನಾ ಕೇಳೋರು. ನಾನು ಬಂತು ಅಂತಿದ್ದೆ. 'ಹಾಗಾದ್ರೆ ಸರಿ' ಅಂತ ಕೆಲಸಕ್ಕೆ ಹೋಗೋರು.

ಹಾಗಾದ್ರೆ ಸರಿ!

ನೀನು ಯಾಕಮ್ಮ ಅಳ್ತೀಯ... ಬಿಡು. ಬಿಡು ಕೈ. ಒಂದು ಮಾತು ಕೇಳ್ತೀನಿ, ನಿನಗೆ ಇಂಥವರ ಕಾಗದ ದಿನಾ ನೋಡಿ ಗೊತ್ತಿರುತ್ತೆ. ಇನ್ಮೇಲೆ ಸರಿಯಾಗಿ ಹಾಕ್ಕೊಂಡ್ರೆ, ಪೂರ್ತಿ ರಾತ್ರಿ, ಒಂದು ನಿಮಿಷ ಬಿಡದೆ... ಊದಿದ ಹೃದಯ ಇಳಿಯುತ್ತಾ? ಮೊದಲಿನ ಹಾಗೆ ಆಗುತ್ತಾ?

ಸ್ವಲ್ಪನಾದ್ರೂ?

...ಆಯ್ತು. ಬೇಡ. ಹೇಳಬೇಡ.

ಎಷ್ಟು ಗಂಟೆ ಈಗ? ಹನ್ನೊಂದೂ ಕಾಲು. ಡಾಕ್ಟರು ಒಂದು ಗಂಟೆ ತನಕ ಇರ್ತಾರೆ ಅಲ್ವಾ? ನಿನ್ನ ಗಾಡೀಲಿ ನನ್ನನ್ನ ಕೂರಿಸ್ಕೊಂಡು ಹೋಗು. ಎರಡೂ ಕಾಗದ ತಗೋ. ಆದ್ರೆ ನೀನು ಬಾಯಿ ಬಿಡಬೇಡ. ಈ ಬಾಯಲ್ಲೇ ಹೇಳಬೇಕು. ಡಾಕ್ಟ್ರೇ, ತಂತಿ ಬಿಡಬೇಡಿ, ಕಾಯಿಲೆ ಅಲ್ಲ, ನಾನು ಅಂತ. ಎಲ್ಲರ ಮುಂದೆ ಹೇಳ್ತೀನಿ, ನರ್ಸಮ್ಮನ ಮುಂದೆ, ನಾದಿನಿ ಮುಂದೆ. ಉಗಿದ್ರೆ ಒರೆಸ್ಕೋತೀನಿ. ಆಮೇಲೆ ಇವರ ಹತ್ತಿರ ಹೋಗಿ ಕೂರ್ತೀನಿ. ಅವರಿಗೇನು ಹೇಳಲಿ? ಅವರಿಗೆ ಹೇಳೋದು ಏನೂ ಉಳಿದೇ ಇಲ್ಲ. ಮಗುವಿನ ಹೆಸರು ಹೇಳ್ತೀನಿ. ಹೆಸರಿಟ್ಟಿದ್ವಿ ಮಗಳೇ, ಆ ದಿನದಿಂದ ಇಬ್ಬರೂ ಬಾಯಿಗೆ ತಂದಿಲ್ಲ. ಇವತ್ತು ಅವರ ಕಿವಿಯಲ್ಲಿ ಒಂದು ಸಲ ಹೇಳ್ತೀನಿ.

ರಾತ್ರಿ ನಾನು ಏನು ಮಾಡ್ತೀನಿ ಅಂತಲಾ? ಎದ್ದಿರ್ತೀನಿ. ಸದ್ದಿಲ್ಲದ ಕೋಣೇಲಿ ಕೂತಿರ್ತೀನಿ. ದೇವರು ರಾತ್ರಿಯಿಡೀ ಸದ್ದು ಮಾಡದೆ ಎಲ್ಲರನ್ನೂ ಕಾಯ್ತಾನಲ್ಲ, ಅವನಿಗೆ ಜೊತೆಯಾಗ್ತೀನಿ. ಸಾಧ್ಯ ಆಗುತ್ತೋ ಇಲ್ವೋ... ಅವನೇ ನೋಡ್ಕೋಬೇಕು.

ನಡಿ. ಬಾ, ತಲೆ ಬಗ್ಗಿಸು, ಕೈ ಇಡ್ತೀನಿ. ಒಂದು ಮಾತೂ ಎದುರಾಡದೆ ಕೇಳಿದೆ ನೀನು. ನಿನ್ನ ಉಸಿರು ಹಗುರವಾಗಿರಲಿ ಮಗಳೇ. ನಿನ್ನದು, ನಿನ್ನವರದು, ಈ ಪಾಪಿಯ ಮಾತಿಗೆ ಕಿವಿಗೊಟ್ಟ ಎಲ್ಲರದು. ನಿಮ್ಮ ನಿಮ್ಮ ಮನೆಗಳಲ್ಲಿ ಇವತ್ತು ಮಲಗಿದವರೆಲ್ಲ, ದೊಡ್ಡವರು, ತೊಟ್ಟಿಲ ಕೂಸು, ಒಬ್ಬರೂ ತಪ್ಪದೆ, ನಾಳೆ ಬೆಳಗ್ಗೆ ಕಣ್ಣು ಬಿಡಲಿ.